ಮೂಸಿಯ ನೆರೆಯೂ ನಮ್ಮ ವಿಮೆಯ ಕಾಗದವೂ

ಸುಲ್ತಾನ್ ಬಜಾರಿಗೆ ಸೀರೆ, ಬಳೆ ಕೊಳ್ಳಲು ಹೋಗುವ ನಮ್ಮ ಕನ್ನಡ ಬಂಧುಗಳಿಗೆ, ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿರುವ ಮೂಸಿ ಒಂದು ನದಿಯೆಂದೇ ತೋರಲಿಕ್ಕಿಲ್ಲ. ಆದರೆ 1908ರ ಸೆಪ್ಟೆಂಬರ್ 28ರಂದು ಅದೇ ಮೂಸಿ ಉಕ್ಕಿ ಹೈದರಾಬಾದನ್ನು ಕೊಚ್ಚಿಹಾಕಿತು. ಸುಮಾರು 15,000 ಜನ ಮಡಿದರೆಂಬುದು ರೂಢಿಯಲ್ಲಿರುವ ಅಂದಾಜು. ಅಫ್ಜಲ್‌ಗಂಜಿನ ಒಂದು ಹುಣಸೆಮರವನ್ನೇರಿ ಸುಮಾರು 150 ಜನ ಬದುಕಿಕೊಂಡರು. ಆ ಮರ ನಮ್ಮ ಕಾಲದವರೆಗೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಉಳಿದುಬಂದಿತು.

ಮುಂದಿನ ವರ್ಷ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಜಲಾನಯನದ 221 ಕೆರೆಗಳು ಒಡೆದು, ಒಂದರ ನೀರು ಇನ್ನೊಂದರ ಮೇಲೆ ಬಿದ್ದು ನೆರೆ ಹೆಚ್ಚಿತೆಂದು ಅವರು ಕಂಡುಕೊಂಡರು. ಅವರ ಸಲಹೆಯಂತೆ ಊರಿನ ಮೇಲ್ಭಾಗದಲ್ಲಿ ಉಸ್ಮಾನ್ ಸಾಗರ (1920), ಹಿಮಾಯತ್ ಸಾಗರ (1927) ಎದ್ದವು. ಇಡೀ ಊರಿಗೆ ಒಬ್ಬ ಕನ್ನಡಿಗರು ಮಾಡಿಸಿಕೊಟ್ಟ ವಿಮೆ ಇದೆಂದರೆ ತಪ್ಪಾಗದು.

ಆದರೆ ಅಣೆಕಟ್ಟು ಕಾಯುವುದು ನದಿಯನ್ನು, ಬಡಾವಣೆಯ ಕೆರೆಯನ್ನಲ್ಲ. 2020ರ ಅಕ್ಟೋಬರಿನ ಮಳೆಯಲ್ಲಿ ಬಾಲಾಪುರದ ಗುರ್ರಂ ಚೆರುವು ಒಡೆದದ್ದನ್ನು ವಾಚಕರು ಬಲ್ಲರು. ಆ ವಾರ ನಮ್ಮ ಬಾಡಿಗೆ ಮನೆಯಲ್ಲೂ ಮೊಣಕಾಲುದ್ದ ನೀರು. ಮನೆಗೆ ವಿಮೆಯಿದೆಯೆಂದು ಮಾಲೀಕರು ಹೇಳಿದ್ದರಿಂದ ನಾವು ನಿಶ್ಚಿಂತರಾಗಿದ್ದೆವು. ಸರ್ವೇಯರು ಬಂದು ಹೇಳಿದ್ದು ಒಂದೇ ಮಾತು: "ಗೋಡೆಗೆ ವಿಮೆ ಇದೆ. ನಿಮ್ಮ ಸಾಮಾನಿಗೆ ಇಲ್ಲ." ನೀರಿಳಿದ ಮೇಲೆ ಕಾರಿನ ಕೀಲಿ ತಿರುಗಿಸಿದೆವು, ಎಂಜಿನ್ನೂ ಹೋಯಿತು. ದಿನವಿಡೀ ಸರ್ಕಾರದ ಕಡತ ಓದುವ ನಾವು ನಮ್ಮದೇ ಕಾಗದವನ್ನು ಓದಿರಲಿಲ್ಲ!

ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತೇವೆ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು ತಂದಿತು. ನೆರೆ, ಬಿರುಗಾಳಿಯ ಜೊತೆಗೆ ನೀರಿನ ತೊಟ್ಟಿ, ಕೊಳವೆ ಒಡೆದಾಗಿನ ನಷ್ಟವೂ ಇದರಲ್ಲಿ ಸೇರಿದೆ. ವರ್ಷಗಟ್ಟಲೆ ಜಿನುಗಿ ಗೋಡೆ ಹಾಳಾದರೆ ಮಾತ್ರ ಪರಿಹಾರವಿಲ್ಲ. ಕಟ್ಟಡಕ್ಕೆ ವಿಮೆ ಮಾಡಿಸಿದವರ ಸಾಮಾನಿಗೆ ಅದರ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ರಕ್ಷಣೆ ತಾನಾಗಿಯೇ ದೊರೆಯುತ್ತದೆ. ಒಡವೆಗೆ ಬೇರೆಯಾಗಿ ಕೇಳಬೇಕು. ಬಾಡಿಗೆದಾರರು ಸಾಮಾನಿಗಷ್ಟೇ ಪಾಲಿಸಿ ಕೊಳ್ಳಬಹುದು. ನಮ್ಮಲ್ಲಿ ಬಹುಮಂದಿ ಬಾಡಿಗೆಯವರೇ ಆದ್ದರಿಂದ ಇದು ಮುಖ್ಯ.

ಇನ್ನು ಕಾರು. ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆ ಬೇರೆಯವರ ನಷ್ಟಕ್ಕೆ ಮಾತ್ರ. ನೆರೆಯಿಂದ ನಮ್ಮ ಗಾಡಿಗಾದ ಹಾನಿಗೆ ಸ್ವಂತ ಹಾನಿಯ ವಿಮೆಯೂ ಬೇಕು. ಅದಿದ್ದರೂ ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಿ ಕೆಡಿಸಿದರೆ ಸಾಮಾನ್ಯವಾಗಿ ಹಣ ಸಿಗದು. ಅದಕ್ಕೆ ಎಂಜಿನ್ ರಕ್ಷಣೆಯನ್ನು ಪ್ರತ್ಯೇಕವಾಗಿ ಸೇರಿಸಬೇಕು. ಕಾರಣ ಸರಳ: ಗಾಳಿಯಂತೆ ನೀರು ಅದುಮಿದರೆ ಕುಗ್ಗದು, ಪಿಸ್ಟನ್ನಿನ ದಂಡವೇ ಬಾಗುತ್ತದೆ. ಆದ್ದರಿಂದ ಕೀಲಿ ಮುಟ್ಟದೆ ಎಳೆಸಿಕೊಂಡು ಹೋಗುವುದೇ ಮೇಲು. ನೆಂದ ಸಾಮಾನನ್ನು ಸರ್ವೇಯರು ನೋಡುವ ಮೊದಲು ಎಸೆಯಬಾರದು. ಫೋಟೋ ತೆಗೆದು ಕೂಡಲೇ ಕಂಪನಿಗೆ ತಿಳಿಸಬೇಕು.

1908ರಲ್ಲಿ ಜನ ಮರವನ್ನೇರಿದರು. ನಮಗೆ ಕಾಗದವಾದರೂ ಇದೆ. ಬರುವ ಮಳೆಗಾಲದೊಳಗೆ ಒಂದು ಭಾನುವಾರ ಅದನ್ನು ತೆಗೆದು ಓದೋಣ.