ಎರಡು ಬೆರಳುಗಳ ಹಿಡಿತ

ನನ್ನಲ್ಲಿ ಜೀವಶಾಸ್ತ್ರ ಕಲಿತವರಿಗೆ ನೆನಪಿರಬಹುದು. "ಪಿತ್ತಜನಕಾಂಗವು ದೇಹದ ಅತಿ ದೊಡ್ಡ ಗ್ರಂಥಿ" ಎಂದು ಬರೆಯಿಸಿ ನಾನು ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ಅದರೊಳಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿಯುತ್ತದೆಂದು ನಿಮಗೆ ಹೇಳಿದ್ದು ನನಗಂತೂ ನೆನಪಿಲ್ಲ. ಕಳೆದ ವರ್ಷ ನಮ್ಮಣ್ಣನ ಪಿತ್ತಜನಕಾಂಗದ ಗಡ್ಡೆಯನ್ನು ತೆಗೆಯಬೇಕಾಗಿ ಬಂದಾಗ ಆ ಲೆಕ್ಕವೇ ನನ್ನನ್ನು ಕಾಡತೊಡಗಿತು. "ಕೊಯ್ದರೆ ರಕ್ತ ನಿಲ್ಲಿಸುವುದು ಹೇಗೆ ಡಾಕ್ಟರೇ?" ಎಂದು ಕೇಳಿದೆ. ಆ ತರುಣ ವೈದ್ಯರು ಹೆಬ್ಬೆರಳು, ತೋರುಬೆರಳುಗಳನ್ನು ಒತ್ತಿ ತೋರಿಸಿ, "ಪ್ರಿಂಗಲ್" ಎಂದಷ್ಟೇ ಹೇಳಿದರು.

ಜೇಮ್ಸ್ ಹೋಗಾರ್ಥ್ ಪ್ರಿಂಗಲ್ ಹುಟ್ಟಿದ್ದು 1863ರಲ್ಲಿ, ಆಸ್ಟ್ರೇಲಿಯಾದಲ್ಲಿ. ಶಸ್ತ್ರವೈದ್ಯನಾಗಿ ದುಡಿದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ರಾಯಲ್ ಇನ್ಫರ್ಮರಿಯಲ್ಲಿ. ಪೆಟ್ಟಿನಿಂದ ಪಿತ್ತಜನಕಾಂಗ ಒಡೆದವರ ಹೊಟ್ಟೆಯನ್ನು ತೆರೆದರೆ ಆ ಕಾಲದಲ್ಲಿ ರಕ್ತದ ಮಡುವಿನಲ್ಲಿ ಗಾಯವೇ ಕಾಣುತ್ತಿರಲಿಲ್ಲ, ಕಾಣದ್ದನ್ನು ಹೊಲಿಯುವುದೆಂತು? ಈ ಅಂಗಕ್ಕೆ ಬರುವ ರಕ್ತದ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯಲ್ಲಿಯೂ ಉಳಿದದ್ದು ಅಪಧಮನಿಯಲ್ಲಿಯೂ ಬರುತ್ತದೆ. ಇವೆರಡೂ ಪಿತ್ತನಾಳದೊಡನೆ ಒಂದೇ ತೆಳು ಪದರದ ಅಂಚಿನಲ್ಲಿ ಕಟ್ಟಿನಂತೆ ಸಾಗುತ್ತವೆ. ಆ ಕಟ್ಟನ್ನು ಸಹಾಯಕನೊಬ್ಬ ಬೆರಳುಗಳ ನಡುವೆ ಹಿಡಿದರೆ ಸಾಕು, ನೋಡಿ ಹೊಲಿಯಲು ಸಮಯ ಸಿಗುತ್ತದೆ.

ಪ್ರಿಂಗಲ್ ಇದನ್ನು ಪ್ರಕಟಿಸಿದ್ದು 1908ರಲ್ಲಿ, 'ಆನಲ್ಸ್ ಆಫ್ ಸರ್ಜರಿ' ಎಂಬ ಪತ್ರಿಕೆಯಲ್ಲಿ. ನನ್ನನ್ನು ತಡೆದು ನಿಲ್ಲಿಸಿದ್ದು ಅಲ್ಲಿನ ಇನ್ನೊಂದು ಸಂಗತಿ: ಆತ ಶಸ್ತ್ರಚಿಕಿತ್ಸೆ ಮಾಡಿದ ಆ ಗಾಯಾಳುಗಳಲ್ಲಿ ಒಬ್ಬರೂ ಬದುಕಿರಲಿಲ್ಲ. ಅದನ್ನು ಮುಚ್ಚಿಡದೆ ಬರೆದ. ಮೊಲಗಳ ಮೇಲೆ ಪ್ರಯೋಗ ಮಾಡಿ, ವಿಧಾನ ಸರಿಯೆಂದು ವಾದಿಸಿದ. ತಪ್ಪಿದ ಲೆಕ್ಕವನ್ನು ಅಳಿಸಿ ಉತ್ತರ ತಿದ್ದಿ ತರುತ್ತಿದ್ದ ಮಕ್ಕಳನ್ನು ಕಂಡ ನನಗೆ (ಹೆಸರು ಹೇಳುವುದಿಲ್ಲ, ಹೆದರಬೇಡಿ!) ಆ ಲೇಖನ ಬೇರೆಯೇ ಆಗಿ ಕಂಡಿತು.

ಈ ಹಿಡಿತವೊಂದರಿಂದಲೇ ಎಲ್ಲವೂ ಆಗದು. ಹೃದಯದತ್ತ ರಕ್ತವನ್ನು ಒಯ್ಯುವ ಅಭಿಧಮನಿಗಳಿಂದ ರಕ್ತ ಹಿಂದಕ್ಕೆ ಸೋರಬಹುದು. ಅದಕ್ಕಾಗಿ ಅರಿವಳಿಕೆ ವೈದ್ಯರು ಅಭಿಧಮನಿಗಳ ಒತ್ತಡವನ್ನು ತಗ್ಗಿಸಿಟ್ಟಿರುತ್ತಾರೆ. ಬಹಳ ಹೊತ್ತು ಹಿಡಿದರೆ ಪಿತ್ತಜನಕಾಂಗವೇ ಬಳಲುತ್ತದೆ. ಆದ್ದರಿಂದ ಸಾಮಾನ್ಯವಾಗಿ ಹದಿನೈದು ನಿಮಿಷ ಹಿಡಿದು, ಐದು ನಿಮಿಷ ಬಿಡುವ ಕ್ರಮವಿದೆ. ಈಗ ಬೆರಳುಗಳ ಬದಲು ಪಟ್ಟಿ ಅಥವಾ ಕ್ಲಾಂಪ್ ಬಳಸುವುದುಂಟು.

ವಾರ ಕಳೆದ ಮೇಲೆ, ಗಂಜಿ ಕುಡಿಯುತ್ತ ಕುಳಿತಿದ್ದ ಅಣ್ಣನಿಗೆ ಇದನ್ನೆಲ್ಲ ವಿವರಿಸಿದೆ. ಆತ ಕೇಳಿದ್ದು ಒಂದೇ ಮಾತು: "ನನಗೆ ಎಷ್ಟು ಸಲ ಹಿಡಿದರಂತೆ?"

"ಎರಡು ಸಲ" ಎಂದೆ.