ಕೇಂದ್ರ ಅಭಿಧಮನಿ ಕ್ಯಾತಿಟರ್ ಮತ್ತು ರಕ್ತ ಹೆಪ್ಪುಗಟ್ಟುವಿಕೆ

ಕೇಂದ್ರ ಅಭಿಧಮನಿ ಕ್ಯಾತಿಟರ್ ಎಂಬುದು ಸಾಮಾನ್ಯವಾಗಿ ಕತ್ತು, ಎದೆಯ ಮೇಲ್ಭಾಗ ಅಥವಾ ತೋಳಿನ ಅಭಿಧಮನಿಯ ಮೂಲಕ ಹೃದಯದ ಸಮೀಪದವರೆಗೆ ತೂರಿಸುವ ತೆಳುವಾದ ಕೊಳವೆ. ಕೀಮೋಥೆರಪಿ, ಡಯಾಲಿಸಿಸ್ ಹಾಗೂ ತೀವ್ರ ನಿಗಾ ಚಿಕಿತ್ಸೆಯಲ್ಲಿ ಇದರ ಬಳಕೆಯಿದೆ. ಕೊಳವೆಯು ನಾಳದ ಒಳಪದರವನ್ನು ಉಜ್ಜಿ, ರಕ್ತದ ಹರಿವನ್ನು ನಿಧಾನಗೊಳಿಸುವುದರಿಂದ ಅದರ ಸುತ್ತ ರಕ್ತ ಹೆಪ್ಪುಗಟ್ಟಬಹುದು. ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯವೂ ಉಂಟು.

ಎಲ್ಲ ರೋಗಿಗಳಿಗೂ ಹೆಪಾರಿನ್ ಕೊಡುವುದೇ ಸುಲಭ ಪರಿಹಾರವೆಂದು ತೋರಬಹುದು. ಆದರೆ ಅದು ರಕ್ತಸ್ರಾವಕ್ಕೆ ಎಡೆಮಾಡಬಲ್ಲದು. ಅಪರೂಪಕ್ಕೆ ಪ್ಲೇಟ್‌ಲೆಟ್‌ಗಳನ್ನು ಇಳಿಸಿ, ವಿಪರ್ಯಾಸವೆಂಬಂತೆ, ಹೆಪ್ಪುಗಟ್ಟುವಿಕೆಯನ್ನೇ ಹೆಚ್ಚಿಸುತ್ತದೆ. ಆದ್ದರಿಂದ ಕ್ಯಾನ್ಸರ್ ರೋಗಿಗಳಿಗೂ ಕ್ಯಾತಿಟರ್ ಇದೆಯೆಂಬ ಒಂದೇ ಕಾರಣಕ್ಕೆ ಇಂಥ ಔಷಧವನ್ನು ವಾಡಿಕೆಯಾಗಿ ನೀಡುವುದಿಲ್ಲ. ನಾಳಕ್ಕಿಂತ ಸಾಕಷ್ಟು ಸಪೂರವಾದ ಕೊಳವೆಯನ್ನು ಆರಿಸುವುದು, ತುದಿಯನ್ನು ಸರಿಯಾದೆಡೆ ನಿಲ್ಲಿಸುವುದು, ಅಗತ್ಯ ತೀರಿದೊಡನೆ ತೆಗೆದುಬಿಡುವುದು ಮುಖ್ಯ. ಸಲೈನ್‌ನಿಂದ ತೊಳೆಯುವುದು ಕೊಳವೆಯೊಳಗಿನ ಅಡಚಣೆಯನ್ನು ತಡೆಯುವುದಕ್ಕೇ ಹೊರತು ನಾಳದಲ್ಲಿನ ಹೆಪ್ಪನ್ನಲ್ಲ. ಕ್ಯಾತಿಟರ್ ಇರುವ ಕಡೆಯ ತೋಳು ಅಥವಾ ಕತ್ತು ಊದಿಕೊಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.