ನಡುಮನೆಯಲ್ಲಿ ಯಾರು, ಒಲೆ ಮುಂದೆ ಯಾರು?

ಬೆಂಗಳೂರಿನ ಪೂರ್ವ ದಿಕ್ಕಿನ ಬಾಣಸವಾಡಿ ಅಂದರೆ ಈಗ ಒಂದು ರೈಲು ನಿಲ್ದಾಣ, ಹೊರವರ್ತುಲ ರಸ್ತೆಯ ಟ್ರಾಫಿಕ್ಕು, ಎಣಿಸಲಾಗದಷ್ಟು ಅಪಾರ್ಟ್‌ಮೆಂಟು. ಕೆಲಸ ಹುಡುಕಿಕೊಂಡು ನಮ್ಮ ಕಡೆಯಿಂದ ಹೋದವರಲ್ಲಿ ಎಷ್ಟೋ ಜನ ಅಲ್ಲಿಯೇ, ಇಲ್ಲವೇ ಪಕ್ಕದ ಕಮ್ಮನಹಳ್ಳಿ, ಲಿಂಗರಾಜಪುರ, ಕಸ್ತೂರಿನಗರಗಳಲ್ಲಿ ಬಾಡಿಗೆಗಿದ್ದಾರೆ. ಆ ಊರಿನ ಹೆಸರನ್ನು ಒಂದು ಸಲ ನಿಧಾನವಾಗಿ ಓದಿ ನೋಡಿ. ಹಳಗನ್ನಡದಲ್ಲಿ ಬಾಣಸ ಅಂದರೆ ಅಡುಗೆ, ಅಡುಗೆಮನೆ. ಸಂಸ್ಕೃತದ ಮಹಾನಸ ಅನ್ನುವ ಪದ ಕನ್ನಡದ ಬಾಯಲ್ಲಿ ಹೀಗಾಯಿತು. ಬಾಣಸಿಗ ಅಂದರೆ ಅಡುಗೆಯವನು. ನಾವು ದಿನಾ ಬಸ್ಸಿನ ಬೋರ್ಡಿನ ಮೇಲೆ ಓದುವ ಹೆಸರಲ್ಲಿ ಅಡುಗೆಮನೆಯ ಪದ ಕೂತಿದೆ.

ನಾವು ಈ ಊರನ್ನು ಹಿಡಿದುಕೊಂಡದ್ದು ಹೆಸರಿಗಾಗಿ ಮಾತ್ರ ಅಲ್ಲ. ಹಳ್ಳಿಯ ಹೆಂಚಿನ ಮನೆ, ದಂಡಿನ ಬಂಗಲೆ, ಬಿಡಿಎ ಸೈಟಿನ ಮನೆ, ಇವತ್ತಿನ ಫ್ಲ್ಯಾಟು, ನಾಲ್ಕೂ ನಮೂನೆಯ ಮನೆಗಳು ಈ ಭಾಗದಲ್ಲಿ ಹತ್ತಿರ ಹತ್ತಿರದಲ್ಲೇ ಬೆಳೆದವು. ಮನೆಯಲ್ಲಿ ಯಾರು ಎಲ್ಲಿ ಕೂತು ಉಣ್ಣಬೇಕು ಅನ್ನುವ ಕಟ್ಟಳೆಯನ್ನು ಯಾರೂ ಕಾಗದದ ಮೇಲೆ ಬರೆದಿಡಲಿಲ್ಲ. ಅದು ಇದ್ದದ್ದು ಮನೆಯ ಗೋಡೆ, ಹೊಸಿಲು, ಒಲೆಯ ಜಾಗದಲ್ಲಿ. ಆದ್ದರಿಂದ ಮನೆ ಬದಲಾದಾಗ ಕಟ್ಟಳೆಗೆ ಏನಾಯಿತು ಎಂದು ನೋಡಲು ಇಂಥ ಊರೇ ಸರಿ.

ಮೊದಲು ಹಳ್ಳಿಯ ಮನೆ. ಹಳೇ ಮೈಸೂರು ಕಡೆಯ ಒಕ್ಕಲು ಮನೆಗಳ ಅಂದಾಜು ನಿಮಗೆಲ್ಲ ಗೊತ್ತಿರುವುದೇ. ಮುಂದೆ ಜಗುಲಿ, ಒಳಗೆ ಪಡಸಾಲೆ, ಒಂದು ಪಕ್ಕಕ್ಕೆ ದನದ ಕೊಟ್ಟಿಗೆ, ಮಧ್ಯೆ ನಡುಮನೆ, ಅದರಾಚೆ ಕತ್ತಲ ಅಡುಗೆಮನೆ, ಕೊನೆಗೆ ಹಿತ್ತಲು. ಈ ಒಂದೊಂದು ಜಾಗಕ್ಕೂ ಉಣ್ಣುವವರು ಗೊತ್ತಾಗಿದ್ದರು. ಯಜಮಾನ, ಬೆಳೆದ ಗಂಡುಮಕ್ಕಳು, ಬಂದ ನೆಂಟರು ನಡುಮನೆಯಲ್ಲಿ. ಅಳಿಯ ಬಂದರೆ ಮಣೆ. ಜಾತಿಯಲ್ಲಿ ಕೆಳಗೆಂದು ಎಣಿಸಿದ ಆಳಿಗೆ ಜಗುಲಿಯೂ ಇಲ್ಲ, ಅಂಗಳದಲ್ಲಿ ಬೇರೆ ತಟ್ಟೆ. ಆ ತಟ್ಟೆ ಮನೆಯ ಪಾತ್ರೆಗಳ ಜೊತೆ ಸೇರುತ್ತಿರಲಿಲ್ಲ, ಹೊರಗೇ ಇರುತ್ತಿತ್ತು. ಮಕ್ಕಳು ಎಲ್ಲಿ ಕೂತರೂ ನಡೆಯುತ್ತಿತ್ತು, ಹೆಣ್ಣುಮಗು ದೊಡ್ಡವಳಾಗುವ ತನಕ. ಆಮೇಲೆ ಅವಳ ಜಾಗ ಅಡುಗೆಮನೆಯೊಳಗೆ, ಒಲೆ ಮುಂದೆ.

ಸೊಸೆಯ ಪಾಡು ಬೇರೆಯೇ. ಮಾವನ ಎದುರು ಉಣ್ಣುವುದು ಇರಲಿ, ಕೂರುವಂತೆಯೂ ಇರಲಿಲ್ಲ. ಗಂಡ ಉಂಡೆದ್ದ ಎಲೆಯಲ್ಲೇ ಹೆಂಡತಿ ಉಣ್ಣಬೇಕು ಎನ್ನುವ ಪದ್ಧತಿ ಕೆಲವು ಮನೆತನಗಳಲ್ಲಿತ್ತು. ಅದನ್ನು ಪ್ರೀತಿಯ ಗುರುತು ಎಂದು ಹೇಳಿಕೊಟ್ಟರು. ಗಂಡ ಹೆಂಡತಿಯ ಎಲೆಯಲ್ಲಿ ಉಣ್ಣುವ ಪದ್ಧತಿಯನ್ನು ಮಾತ್ರ ಅದೇ ಪ್ರೀತಿಯ ಹೆಸರಲ್ಲಿ ಯಾರೂ ಹೇಳಿಕೊಟ್ಟದ್ದು ಕಾಣೆವು.

ಮುಟ್ಟಾದವಳಿಗೆ ನಡುಮನೆಯೂ ಇಲ್ಲ, ಒಲೆ ಮುಂದೂ ಇಲ್ಲ. ಹಿತ್ತಲ ಕಡೆ ಅಥವಾ ಕೊಟ್ಟಿಗೆಯ ಮೂಲೆ, ಮೇಲಿಂದ ಹಾಕಿದ ಊಟ. ಬಡವರ ಮನೆಗಳಲ್ಲಿ ಇದು ಅಷ್ಟು ಬಿಗಿಯಾಗಿ ನಡೆಯುತ್ತಿರಲಿಲ್ಲ. ಮೂರು ದಿನ ಹೊರಗೆ ಕೂತರೆ ಗದ್ದೆ ಕೆಲಸ ಯಾರು ಮಾಡಬೇಕು? ಹೊರಗೆ ಕೂರಿಸಲೂ ಸ್ವಲ್ಪ ಅನುಕೂಲ ಬೇಕು. ಆದರೆ ತುಮಕೂರು, ಚಿತ್ರದುರ್ಗದ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರೂ ಬಾಣಂತಿಯರೂ ಹಟ್ಟಿಯಿಂದಲೇ ಆಚೆ ಇರಬೇಕು ಎನ್ನುವ ಕಟ್ಟಳೆ ನಮ್ಮ ಕಾಲಕ್ಕೂ ನಡೆದುಬಂದಿದೆ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹೀಗೆ ಆಚೆ ಗುಡಿಸಲಿನಲ್ಲಿಟ್ಟಿದ್ದ ಬಾಣಂತಿಯ ಹಸುಗೂಸು ತೀರಿಕೊಂಡದ್ದು ಪತ್ರಿಕೆಗಳಲ್ಲೆಲ್ಲ ಬಂತು.

ಗಂಡ ಸತ್ತವಳಿಗೆ ಮೇಲ್ಜಾತಿಯ ಮನೆಗಳಲ್ಲಿ ಒಪ್ಪೊತ್ತಿನ ಊಟ, ಅದೂ ಎಲ್ಲರ ಕಣ್ಣಿಗೆ ಬೀಳದ ಹೊತ್ತಿನಲ್ಲಿ, ಎಲ್ಲರ ಕಣ್ಣಿಗೆ ಬೀಳದ ಜಾಗದಲ್ಲಿ. ಎಂ.ಕೆ. ಇಂದಿರಾ ಅವರ ಫಣಿಯಮ್ಮ ಕಾದಂಬರಿ ಬಂದದ್ದು 1976ರಲ್ಲಿ. ಪ್ರೇಮಾ ಕಾರಂತರು ಅದನ್ನು 1983ರಲ್ಲಿ ಸಿನಿಮಾ ಮಾಡಿದರು. ಬಾಲವಿಧವೆಯೊಬ್ಬಳ ಉದ್ದದ ಬದುಕಿನ ಕತೆ ಅದು. ಓದದಿದ್ದವರು ಓದಬೇಕು.

ಬಾಡೂಟಕ್ಕೆ ಇನ್ನೊಂದು ಕಟ್ಟಳೆ. ಎಷ್ಟೋ ಮನೆಗಳಲ್ಲಿ ದೇವರ ಗೂಡು ಇರುವ ನಡುಮನೆಗೆ ಮಾಂಸ ಬರುವಂತಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಬೇರೆ ಪಾತ್ರೆಯಲ್ಲಿ ಬೇಯಿಸಿ, ಅಲ್ಲೇ ಉಂಡು, ಕೈತೊಳೆದು ಒಳಗೆ ಬರಬೇಕು. ಸೋಮವಾರ, ಶನಿವಾರ ಅದೂ ಇಲ್ಲ. ತಮಾಷೆ ಏನೆಂದರೆ, ಹಿತ್ತಲಲ್ಲಿ ಉಣ್ಣುವಾಗ ನಡುಮನೆಯ ಸಾಲು ಸಡಿಲಾಗುತ್ತಿತ್ತು. ಒಲೆಯ ಸುತ್ತ ಗಂಡಸರು ಹೆಂಗಸರು ಒಟ್ಟಿಗೆ ಕೂರುವುದನ್ನು ಅಲ್ಲಿ ನೋಡಬಹುದಿತ್ತು. ಹೊಲದಲ್ಲಂತೂ ಸರಿಯೇ ಸರಿ. ಬುತ್ತಿ ಬಿಚ್ಚಿ ಹೊಂಗೆ ಮರದ ಕೆಳಗೆ ಕೂತರೆ ಗಂಡ, ಹೆಂಡತಿ, ಅತ್ತೆ, ಸೊಸೆ ಎಲ್ಲ ಒಂದೇ ನೆರಳಿನಲ್ಲಿ ಉಣ್ಣುತ್ತಿದ್ದರು. ಬೇರೆ ಜಾತಿಯ ಕೂಲಿಯವರ ಸಾಲು ಮಾತ್ರ ಅಲ್ಲಿಯೂ ಬೇರೆ.

ಇಲ್ಲಿ ಮುದ್ದೆಯ ವಿಷಯ ಹೇಳಲೇಬೇಕು. ಬೆಂಗಳೂರು ಸುತ್ತಿನ ಊಟ ಅಂದರೆ ರಾಗಿ ಮುದ್ದೆ. ಮುದ್ದೆಯನ್ನು ಬೆಳಗ್ಗೆ ಮಾಡಿಟ್ಟು ಮಧ್ಯಾಹ್ನ ಬಡಿಸಿದರೆ ಸೊಗಸಿಲ್ಲ. ಎಲ್ಲರೂ ಕೂತ ಮೇಲೆ ತಿರುವಿ, ಕೈ ಸುಡುವಾಗಲೇ ಉಂಡೆ ಕಟ್ಟಿ ತಟ್ಟೆಗೆ ಇಡಬೇಕು. ತಿರುವುವವಳು ಉಣ್ಣುವವರ ಜೊತೆ ಕೂರುವುದು ಹೇಗೆ? ನೆಲದ ಒಲೆ, ಹೊಗೆ ತುಂಬಿದ ಕೋಣೆ, ಕೆಂಡದ ಮೇಲೆ ಸಾರು. ಅವಳು ಅಲ್ಲಿಂದ ಏಳುವ ಹೊತ್ತಿಗೆ ನಡುಮನೆಯವರು ಕೈತೊಳೆದಾಗಿರುತ್ತಿತ್ತು. ಆಮೇಲೆ ಅವಳು ಅಲ್ಲೇ ಒಲೆ ಮುಂದೆ, ತಳ ಹಿಡಿದದ್ದನ್ನು ಕೆರೆದು, ಉಳಿದ ಸಾರಿನಲ್ಲಿ ಉಣ್ಣುತ್ತಿದ್ದಳು. ಅಡುಗೆಯ ಕೆಲಸದ ರೀತಿಯೇ ಅರ್ಧ ಕಟ್ಟಳೆಯನ್ನು ಮಾಡಿತ್ತು, ಇನ್ನರ್ಧವನ್ನು ಮನೆಯವರು ಸೇರಿಸಿದರು. ಮುದ್ದೆ ತಿರುವುವ ಕೈಯನ್ನು ಒಂದು ದಿನವಾದರೂ ಬದಲಾಯಿಸಬಹುದು ಎಂದು ನಡುಮನೆಯಲ್ಲಿ ಕೂತವರಿಗೆ ಹೊಳೆಯಲಿಲ್ಲ.

ಈಗ ದಂಡಿನ ಕಡೆ ಹೋಗೋಣ. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ಸೈನ್ಯ ಇಳಿಸಿದ ಮೇಲೆ ಬೆಂಗಳೂರಿಗೆ ಎರಡು ಮುಖ ಬಂದವು. ಪೇಟೆ ಒಂದು, ದಂಡು ಒಂದು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದಾಗಲೂ ದಂಡಿನ ಪ್ರದೇಶವನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು, 1947ರ ತನಕ. ಬಾಣಸವಾಡಿಯಂಥ ಹಳ್ಳಿಗಳು ದಂಡಿನ ಅಂಚಿನಲ್ಲಿದ್ದವು. ಇಂಥ ಸುತ್ತಲ ಹಳ್ಳಿಗಳಿಂದಲೇ ಹಾಲು, ತರಕಾರಿ ದಂಡಿಗೆ ಹೋಗಬೇಕಿತ್ತು. ಅಲ್ಲಿನ ಬಂಗಲೆಯ ಕಟ್ಟಳೆ ನಮ್ಮದಕ್ಕಿಂತ ತೀರಾ ಬೇರೆ ಎಂದು ತೋರುತ್ತಿತ್ತು. ಮೇಜು, ಕುರ್ಚಿ, ಗಂಡ ಹೆಂಡತಿ ಎದುರುಬದುರು. ಹೆಂಗಸು ಮೇಜಿನಲ್ಲಿ ಕೂತು, ಗಂಡಸು ನಿಂತು ಬಡಿಸುವುದು. ಆದರೆ ಆ ಬಡಿಸುವ ಗಂಡಸು ಬಟ್ಲರ್. ಅಡುಗೆಮನೆ ಬಂಗಲೆಯೊಳಗೆ ಇರಲಿಲ್ಲ, ಹಿಂದೆ ಬೇರೆ ಕಟ್ಟಡ. ಬಟ್ಲರ್, ಆಯಾ, ಕುದುರೆ ನೋಡುವವನು ಉಣ್ಣುವುದು ಅದರ ಸುತ್ತಮುತ್ತಲ ತಮ್ಮ ಕೋಣೆಗಳಲ್ಲಿ. ನಮ್ಮ ಮನೆಯ ಕಟ್ಟಳೆ ಹೊಸಿಲಿನಲ್ಲಿತ್ತು, ಅವರದು ಕಾಂಪೌಂಡಿನಲ್ಲಿತ್ತು.

ದಂಡಿನಲ್ಲೇ ಇನ್ನೂ ಬೇರೆ ಮನೆಗಳಿದ್ದವು. ಶಿವಾಜಿನಗರದ ಕಡೆಯ ಮುಸಲ್ಮಾನರ ಮನೆಗಳಲ್ಲಿ ದಸ್ತರ್‌ಖಾನ್ ಹಾಸಿ ಒಂದೇ ದೊಡ್ಡ ತಟ್ಟೆಯಲ್ಲಿ ನಾಲ್ಕಾರು ಜನ ಉಣ್ಣುವ ಪದ್ಧತಿ, ಆದರೆ ನೆಂಟರು ಬಂದರೆ ಹೆಂಗಸರ ದಸ್ತರ್‌ಖಾನ್ ಒಳಕೋಣೆಯಲ್ಲಿ. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಇಡೀ ಸಂಸಾರ ಪ್ರಾರ್ಥನೆ ಮಾಡಿ ಒಂದೇ ಮೇಜಿಗೆ. ಬೆಂಗಳೂರಿನ ಪೂರ್ವ ಭಾಗದಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಮನೆ ಅಪರೂಪದ ಸಂಗತಿ ಆಗಿರಲಿಲ್ಲ. ಪಕ್ಕದ ಬೀದಿಯಲ್ಲೇ ಇತ್ತು.

1898ರ ಆಗಸ್ಟ್‌ನಲ್ಲಿ ಪ್ಲೇಗ್ ಬಂತು. ಕಾಳಿಗೆ ಇಲಿ, ಇಲಿಯಿಂದ ಚಿಗಟ, ಚಿಗಟದಿಂದ ಸಾವು. ಹಾಸಿಗೆಯ ಮೇಲೆ ಉಣ್ಣಬಾರದು ಎಂದು ಅಜ್ಜಿಯರು ಗದರಿಸುತ್ತಿದ್ದದ್ದರಲ್ಲಿ ಇಲಿ ಇರುವೆಯ ಲೆಕ್ಕವೂ ಇತ್ತು ಎಂದು ನಮಗನ್ನಿಸುತ್ತದೆ. ಕಿಕ್ಕಿರಿದ ಮನೆಗಳಿಂದ ಜನರನ್ನು ಆಚೆ ತರಲು ಹೊಸ ಬಡಾವಣೆಗಳಾದವು. ಬಾಣಸವಾಡಿಗೆ ಹತ್ತಿರದ ಫ್ರೇಜರ್ ಟೌನ್ ಅಂಥದ್ದು. ದಂಡಿನ ಮುನಿಸಿಪಲ್ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಪ್ಲೇಗು ತಾಗದಂತೆ ಊರು ಕಟ್ಟುವುದು ಹೇಗೆಂದು 1914ರಲ್ಲಿ ಪುಸ್ತಕವನ್ನೇ ಬರೆದರು. ಮನೆಯೊಳಗಿನ ಗಾಳಿ, ಬೆಳಕು ಮನೆಯವರದಷ್ಟೇ ಅಲ್ಲ, ಸರ್ಕಾರದ ಕೆಲಸವೂ ಆಯಿತು. ಮನೆಯೊಳಗಿನ ಊಟದ ಸಾಲು ಮಾತ್ರ ಆಗಲಿಲ್ಲ.

ಆ ಸಾಲನ್ನು ಮುರಿದವರು ಇಲ್ಲವೆಂದಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಶರಣರು ಜಾತಿ ನೋಡದೆ ಒಟ್ಟಿಗೆ ಉಂಡರು. ದಾಸೋಹ ಎಂಬ ಮಾತಿಗೆ ತೂಕ ಬಂದದ್ದು ಅಲ್ಲಿಂದ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನ, ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಜಾತಿಯ ಹೆಸರಲ್ಲಿ ಯಾರನ್ನೂ ತಡೆಯುವಂತಿಲ್ಲ ಎಂದಿತು. 2002ರಿಂದ ಅಕ್ಷರ ದಾಸೋಹದಲ್ಲಿ ಶಾಲೆಯ ಮಕ್ಕಳು ಒಂದೇ ಸಾಲಿನಲ್ಲಿ ಕೂತರು. ಅಲ್ಲೂ ಅಡುಗೆಯವರ ಜಾತಿ ಕೇಳಿ ತಟ್ಟೆ ತಿರುಗಿಸಿದ ಸುದ್ದಿಗಳನ್ನು ನಾವು ಜಿಲ್ಲೆಗಳಿಂದ ಬರೆದಿದ್ದೇವೆ, ಆದರೂ ಸಾಲು ನಿಂತಿತು. ಇವೆಲ್ಲ ಮನೆಯಾಚೆಗಿನ ಸಾಲುಗಳು. ಮಠದಲ್ಲಿ, ಹೋಟೆಲಿನಲ್ಲಿ, ಶಾಲೆಯಲ್ಲಿ ಯಾರ ಪಕ್ಕದಲ್ಲಾದರೂ ಕೂತು ಉಂಡು ಬಂದ ಗಂಡಸು ಮನೆಗೆ ಬಂದು ನಡುಮನೆಯಲ್ಲೇ ಕೂರುತ್ತಿದ್ದ. ಹೆಂಡತಿ ಒಲೆ ಮುಂದೆಯೇ ಇರುತ್ತಿದ್ದಳು.

ಮನೆಯೊಳಗಿನ ಜಾಗದ ಕಟ್ಟಳೆಯನ್ನು ನಿಜವಾಗಿ ಅಲ್ಲಾಡಿಸಿದ್ದು ಭಾಷಣ ಅಲ್ಲ, ಗ್ಯಾಸ್ ಒಲೆ ಮತ್ತು ಮೂವತ್ತು ನಲವತ್ತರ ಸೈಟು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಬಾಣಸವಾಡಿ, ಹೆಣ್ಣೂರು ಸುತ್ತಲಿನ ಹೊಲಗಳು ಎಚ್‌ಆರ್‌ಬಿಆರ್ ಬಡಾವಣೆಯಾದವು. ಸಣ್ಣ ಸೈಟಿನಲ್ಲಿ ಪಡಸಾಲೆಗೆ ಜಾಗ ಎಲ್ಲಿ, ಕೊಟ್ಟಿಗೆಗೆ ಜಾಗ ಎಲ್ಲಿ? ಒಂದು ಹಾಲು, ಒಂದು ಅಡುಗೆಮನೆ, ಎರಡು ರೂಮು. ಒಲೆ ನೆಲದಿಂದ ಎದ್ದು ಕಟ್ಟೆ ಹತ್ತಿತು. ನಿಂತು ಅಡುಗೆ ಮಾಡುವ ಕೋಣೆಯಲ್ಲಿ ಕೂತು ಉಣ್ಣಲು ಜಾಗವೇ ಇಲ್ಲ. ಹೊರಗೆ ಕೂರಲು ಹಿತ್ತಲೂ ಇಲ್ಲ, ಹಿಂದಿನ ಮನೆಯ ಗೋಡೆ ಇದೆ. ಹಾಗಾಗಿ ಮುಟ್ಟಿನ ಮೂಲೆ ಎಷ್ಟೋ ಮನೆಗಳಲ್ಲಿ ತಾನಾಗಿ ಕರಗಿತು. ಸನ್‌ಮೈಕಾ ಹಾಕಿದ ಡೈನಿಂಗ್ ಟೇಬಲ್ ಬಂತು. 1981ರ ನವೆಂಬರ್ 1ಕ್ಕೆ ಬೆಂಗಳೂರು ದೂರದರ್ಶನ ಶುರುವಾಯಿತು. ಆಮೇಲೆ ಟೇಬಲ್ಲೂ ಪುಸ್ತಕ, ಇಸ್ತ್ರಿ ಬಟ್ಟೆ ಇಡುವ ಜಾಗವಾಗಿ, ಎಲ್ಲರೂ ತಟ್ಟೆ ಹಿಡಿದು ಟೀವಿ ಮುಂದೆ ಬಂದರು.

ಜಾಗದ ಕಟ್ಟಳೆ ಹೋಯಿತು. ಸರದಿಯ ಕಟ್ಟಳೆ ಉಳಿಯಿತು. ಟೇಬಲ್ಲಿಗೆ ಆರು ಕುರ್ಚಿ ಇದ್ದರೂ ಬಡಿಸುವವಳು ನಿಂತೇ ಇರುತ್ತಾಳೆ. "ನೀವು ಉಣ್ಣಿ, ನಂದು ಆಮೇಲೆ" ಎನ್ನುವ ಮಾತು ಹೆಂಚಿನ ಮನೆಯಿಂದ ಫ್ಲ್ಯಾಟಿಗೆ ಹಾಗೇ ಬಂದಿದೆ. ನಮ್ಮ ಹಳ್ಳಿಗಳಿಂದ ಹೋಗಿ ಅಂಥ ಫ್ಲ್ಯಾಟುಗಳಲ್ಲಿ ಮನೆಗೆಲಸ ಮಾಡುವ ಹೆಣ್ಣುಮಕ್ಕಳಿಗೆ ಎಷ್ಟೋ ಕಡೆ ಊಟ ಯುಟಿಲಿಟಿಯಲ್ಲಿ, ವಾಷಿಂಗ್ ಮಷೀನಿನ ಪಕ್ಕ, ಬೇರೆ ಲೋಟದ ಜೊತೆ. ಅಂಗಳದ ತಟ್ಟೆ ಮೂರನೇ ಮಹಡಿಗೆ ಹೋಗಿದೆ, ಅಷ್ಟೇ.

ಮನೆಯೊಳಗಿನ ಈ ಸರದಿ ಲೆಕ್ಕಕ್ಕೆ ಬರುವ ಸಂಗತಿಯೇ ಎಂದು ಕೇಳುವವರಿದ್ದಾರೆ. ದೇಶದ ಸಂಸಾರಗಳನ್ನು 2004-05ರಲ್ಲೂ 2011-12ರಲ್ಲೂ ಅಧ್ಯಯನ ಮಾಡಿದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ, ಮುಖ್ಯ ಊಟದ ಹೊತ್ತಿಗೆ ಗಂಡಸರು ಮೊದಲು ಉಣ್ಣುತ್ತಾರೋ, ಹೆಂಗಸರೋ, ಒಟ್ಟಿಗೋ ಎಂದೇ ಪ್ರಶ್ನೆ ಕೇಳಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಗಂಡಸರಲ್ಲಿ ಅದು ಸುಮಾರು 20. ತಿಂಗಳ ಮುಟ್ಟು, ಹೆರಿಗೆ, ಜಂತುಹುಳು ಎಂದು ಇದಕ್ಕೆ ಕಾರಣ ಹಲವು. ಪಾತ್ರೆಯ ತಳದಲ್ಲಿ ಏನು ಉಳಿದಿತ್ತು ಎನ್ನುವುದೂ ಅವುಗಳಲ್ಲಿ ಒಂದು. ಸಾರಿನ ಮೇಲಿನ ಕಾಳು, ಸೊಪ್ಪು, ತುಂಡು ಮೊದಲು ಕೂತವರಿಗೆ ಹೋಗಿ, ಕೊನೆಗೆ ಕೂತವಳಿಗೆ ತಿಳಿ ಸಿಗುತ್ತದೆ.

ಇದನ್ನು ಸರ್ಕಾರ ಒಂದು ಸಲ ನೇರವಾಗಿಯೇ ಹಿಡಿಯಿತು. ಗರ್ಭಿಣಿ, ಬಾಣಂತಿಯರಿಗೆಂದು ಅಂಗನವಾಡಿಯಿಂದ ಕೊಟ್ಟ ಕಾಳು ಮನೆಗೆ ಹೋದರೆ ಅದು ಇಡೀ ಮನೆಯ ಕಾಳಾಗುತ್ತಿತ್ತು. ಅದಕ್ಕೇ 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಊಟದ ಜಾಗವನ್ನೇ ಬದಲಾಯಿಸಿದರು. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಚಿಕ್ಕಿ, ಎಲ್ಲವನ್ನೂ ಅವಳು ಅಂಗನವಾಡಿಗೇ ಬಂದು, ಅಲ್ಲೇ ಕೂತು ಉಣ್ಣಬೇಕು. ಯೋಚನೆ ಚೆನ್ನಾಗಿತ್ತು. ಆದರೆ ಬಾಣಂತಿ ಹೊಸಿಲು ದಾಟುವಂತಿಲ್ಲದ ಮನೆಗಳಲ್ಲಿ ಅವಳು ಬರುವುದು ಹೇಗೆ? ಮಲೆನಾಡಿನಲ್ಲಿ ಒಂಟಿ ಮನೆಯಿಂದ ತುಂಬಿದ ಬಸುರಿ ಎರಡು ಕಿಲೋಮೀಟರ್ ನಡೆಯುವುದು ಹೇಗೆ? ಸೊಸೆ ಊರ ಮುಂದೆ ಕೂತು ಉಂಡರೆ ಮನೆಯಲ್ಲಿ ಅನ್ನ ಇಲ್ಲ ಎಂದುಕೊಂಡಾರು ಎನ್ನುವ ಅತ್ತೆಯ ಸಂಕೋಚ ಬೇರೆ. ಹಲವು ಕಡೆ ಹಾಜರಿ ಇಳಿಯಿತು, ಮನೆಗೇ ಕೊಡಿ ಎಂಬ ಬೇಡಿಕೆ ಬಂತು.

2020ರಲ್ಲಿ ಕೊರೊನಾದಿಂದ ಅಂಗನವಾಡಿಗಳು ಬಾಗಿಲು ಹಾಕಿದಾಗ ಅಕ್ಕಿ, ಬೇಳೆ, ಮೊಟ್ಟೆ ಮತ್ತೆ ಮನೆಬಾಗಿಲಿಗೇ ಹೋದವು. ಪಡೆದದ್ದಕ್ಕೆ ರಿಜಿಸ್ಟರಿನಲ್ಲಿ ಅವಳ ಸಹಿ ಇದೆ. ಆ ಮೊಟ್ಟೆಗಳು ಅವಳ ತಟ್ಟೆಗೆ ಬಂದವೋ, ಮೊದಲು ಕೂತವರ ತಟ್ಟೆಗೆ ಹೋದವೋ ಎನ್ನುವುದನ್ನು ಬರೆಯಲು ಆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.